ಬಿತ್ತುವಟ್ಟದಿಂದ ಬಡಾವಣೆಯವರೆಗೆ: ವಸತಿ ಮತ್ತು ಆಸ್ಪತ್ರೆಯಂಗಳಗಳ ಪಾಲನೆಯ ಚರಿತ್ರೆ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಮಗ್ಗುಲಲ್ಲಿ ಸೂಳೆಕೆರೆ ಇದೆ. ಸರ್ಕಾರಿ ಕಾಗದದಲ್ಲಿ ಅದು ಶಾಂತಿಸಾಗರ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿಗೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ತಡೆದದ್ದರಿಂದ, ನೀರಿನ ಹರವು ದೊಡ್ಡದಾದರೂ ಏರಿಯ ಉದ್ದ ಕಡಿಮೆಯೇ ಉಳಿದಿದೆ. ಜಾಗ ಆರಿಸಿದವರ ಕಣ್ಣು ಎಷ್ಟು ಚುರುಕಾಗಿತ್ತೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಕೆರೆ ಕಟ್ಟಿಸಿದವಳು ಶಾಂತವ್ವ, ನೀರಲ್ಲಿ ಮುಳುಗಿದ್ದು ಸ್ವರ್ಗಾವತಿ ಎಂಬ ಪಟ್ಟಣ ಎಂದು ಸ್ಥಳೀಯರು ಹೇಳುತ್ತಾರೆ. ಐತಿಹ್ಯವಾದರೂ ಅದರಲ್ಲಿ ಒಂದು ನಿಜವಿದೆ. ಮನೆಗೂ ನೀರಿಗೂ ಬೇಕಾದದ್ದು ಒಂದೇ ನೆಲ. ಯಾವುದಕ್ಕೆ ಎಷ್ಟು ಎಂದು ಯಾರಾದರೂ ತೀರ್ಮಾನಿಸಲೇಬೇಕು.

ಇಂದು ಸುಸ್ಥಿರ ಭೂದೃಶ್ಯ ವಿನ್ಯಾಸ ಎಂದು ಕರೆಯುವ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ವಿನ್ಯಾಸಕಾರರ ಹೆಸರುಗಳ ಮೂಲಕ ಬರೆಯುತ್ತಾರೆ. ಮೈಸೂರು ಸೀಮೆಯ ಮಟ್ಟಿಗೆ ಅದನ್ನು ಪಾಲನೆಯ ಕಡೆಯಿಂದ ಓದುವುದು ಹೆಚ್ಚು ಫಲಕಾರಿ ಎಂಬುದು ಈ ಲೇಖನದ ವಾದ. ಗಿಡ ನೆಟ್ಟವರು ಯಾರು ಎಂಬುದಕ್ಕಿಂತ, ಮುಂದೆ ನೀರು ಹಾಕುವವರು ಯಾರು, ಅವರಿಗೆ ಕೂಲಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೇ ಅಂಗಳದ ಆಯಸ್ಸನ್ನು ನಿರ್ಧರಿಸಿದೆ.

ಕನ್ನಡ ಶಾಸನಗಳಲ್ಲಿ ಇದಕ್ಕೆ ಸ್ಪಷ್ಟ ವ್ಯವಸ್ಥೆ ಕಾಣುತ್ತದೆ. ಕೆರೆ ಕಟ್ಟಿಸಿದವನಿಗೆ ಕೊಟ್ಟ ಭೂಮಿ ಕಟ್ಟುಕೊಡಗೆ. ಕೆರೆಯ ದುರಸ್ತಿಗೆಂದು ಬಿಟ್ಟ ಗದ್ದೆ ಅಥವಾ ಉತ್ಪನ್ನದ ಪಾಲು ಬಿತ್ತುವಟ್ಟ. ತೂಬು ತೆರೆದು ಗದ್ದೆಗೆ ನೀರು ಹಂಚುವ ನೀರ್ಗಂಟಿಗೆ ಸುಗ್ಗಿಯಲ್ಲಿ ಆಯ ಸಲ್ಲುತ್ತಿತ್ತು. ಕಾಮಗಾರಿ ಮತ್ತು ಪಾಲನೆ ಎರಡಕ್ಕೂ ಬೇರೆ ಬೇರೆ ಆದಾಯ ಗೊತ್ತುಮಾಡಿದ್ದೇ ಇಲ್ಲಿನ ಜಾಣತನ. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ, ಸಂಸ್ಥಾನದ 27,269 ಚದರ ಮೈಲಿಯಲ್ಲಿ ಸುಮಾರು ಶೇಕಡಾ 60 ಪಾಲು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ ಎಂದು ದಾಖಲಿಸಿದ. ಊರೆಂಬುದು ಈ ಜಾಲದ ಒಂದು ಕೊಂಡಿಯಾಗಿತ್ತು: ಮೇಲೆ ಗೋಮಾಳ, ಊರ ಬಾಗಿಲಿಗೆ ಗುಂಡುತೋಪು, ಕೆಳಗೆ ಅಚ್ಚುಕಟ್ಟು.

ಮನೆಯ ಮಟ್ಟದಲ್ಲಿ ಇದೇ ತರ್ಕ ಹಿತ್ತಲಿನಲ್ಲಿತ್ತು. ಬಚ್ಚಲ ನೀರು ಕಲ್ಲಿನ ದೋಣಿಯಿಂದ ಹೊರಬಿದ್ದು ಬಾಳೆಯ ಬುಡ ಸೇರುತ್ತಿತ್ತು. ಅಲ್ಲಿಂದ ಮುಂದೆ ಕೆಸುವಿನ ಪಾತಿ, ಆಚೆಗೊಂದು ತೆಂಗು, ಬಾವಿಕಟ್ಟೆಯ ಪಕ್ಕ ಕನಕಾಂಬರ. ಪಾತ್ರೆ ಉಜ್ಜಿದ ಬೂದಿಯೂ ಅಲ್ಲಿಗೇ. ಈ ಪಾಲನೆಗೆ ಪ್ರತ್ಯೇಕ ಕೂಲಿಯಿರಲಿಲ್ಲ, ಏಕೆಂದರೆ ಅದು ಮನೆಯ ಹೆಂಗಸರ ದಿನಚರಿಯಲ್ಲೇ ಸೇರಿಹೋಗಿತ್ತು. ಹಿತ್ತಲನ್ನು ಹೊಗಳುವವರು ಈ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ರೈಲಿನ ಮೂಲಕ ಬಂದಾಗ ನೀರಿನ ತರ್ಕದ ಜಾಗಕ್ಕೆ ಗಾಳಿಯ ತರ್ಕ ಬಂತು. ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು; ನಗರದಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆ ಮೊದಲೇ ಶುರುವಾಗಿತ್ತಾದರೂ ಅವುಗಳಿಗೆ ವೇಗ ಕೊಟ್ಟದ್ದು ಈ ಭಯ. ಅಗಲ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಸಾಲುಮರ, ಉದ್ಯಾನ ಇವೆಲ್ಲ ಆರೋಗ್ಯದ ಉಪಕರಣಗಳಾಗಿಯೇ ನಕ್ಷೆಗೆ ಬಂದವು. ಆದರೆ ಅದೇ ನಕ್ಷೆಯಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಯೂ ಇತ್ತು. ಪಾಯಿಖಾನೆಯ ಮಲವನ್ನು ಮನುಷ್ಯರೇ ಹೊತ್ತು ಆ ಗಲ್ಲಿಯಲ್ಲಿ ಸಾಗಿಸುತ್ತಿದ್ದರು. ಮುಂಬಾಗಿಲ ನೆರಳು ಮತ್ತು ಹಿಂಬಾಗಿಲ ಜಾತಿ ಒಂದೇ ವಿನ್ಯಾಸದ ಎರಡು ಮುಖಗಳು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದನ್ನು ಭೂದೃಶ್ಯದ ಚರಿತ್ರೆಯಲ್ಲಿ ಯಾರೂ ಬರೆದಿಲ್ಲದಿರುವುದು ನನಗೆ ಸೋಜಿಗವೆನಿಸುತ್ತದೆ.

ಆಸ್ಪತ್ರೆಯ ಅಂಗಳ ಔಷಧವಾಗಿದ್ದ ಕಾಲವೂ ಒಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ಬಂತು. ಕ್ಷಯದ ಔಷಧ ಸ್ಟ್ರೆಪ್ಟೊಮೈಸಿನ್ ಇನ್ನೂ ಎರಡು ದಶಕ ದೂರವಿತ್ತು. ಬಯಲ ಗಾಳಿ, ಬಿಸಿಲು, ವಿಶ್ರಾಂತಿ, ಊಟ ಇವೇ ಚಿಕಿತ್ಸೆ. ಹಾಗಾಗಿ ಮರ ಮತ್ತು ಜಗಲಿಗೆ ವಾರ್ಡಿನಷ್ಟೇ ಬೆಲೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆ 1937ರಲ್ಲಿ ಪೇಟೆಯ ಗದ್ದಲ ಬಿಟ್ಟು ಲಕ್ಕಸಂದ್ರದ ವಿಶಾಲ ನೆಲಕ್ಕೆ ಹೋದದ್ದರ ಹಿಂದೆಯೂ ಇಂಥದೇ ನಂಬಿಕೆಯಿತ್ತು. ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಮಾತ್ರೆ ಬಂದಮೇಲೆ ಅಂಗಳದ ಬೆಲೆ ಇಳಿಯಿತು, ಅಲ್ಲಿ ಹೊಸ ಬ್ಲಾಕುಗಳು ಎದ್ದವು. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಕ್, ಕಿಟಕಿಯಿಂದ ಮರ ಕಾಣುತ್ತಿದ್ದ ಶಸ್ತ್ರಚಿಕಿತ್ಸೆಯ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರೆಂದು ತೋರಿಸಿದಾಗ ಹಳೆಯ ನಂಬಿಕೆಗೆ ಮತ್ತೆ ಪುರಾವೆ ಸಿಕ್ಕಿತು.

ಲಾಲ್‌ಬಾಗಿಗೆ 1908ರಲ್ಲಿ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ವರ್ಷವಿಡೀ ಒಂದಾದ ಮೇಲೊಂದು ಹೂಬಿಡುವಂತೆ ಸಾಲುಮರಗಳನ್ನು ಜೋಡಿಸಿದ. ಕಣ್ಣಿಗೆ ಹಬ್ಬ, ನಿಜ. ಆದರೆ ಗುಂಡುತೋಪಿನ ಮಾವು, ಹುಣಸೆ, ಹೊಂಗೆ ಫಲ, ನೆರಳು, ದೀಪದೆಣ್ಣೆ ಕೊಟ್ಟು ತಮ್ಮ ಖರ್ಚನ್ನು ತಾವೇ ತೂಗಿಸುತ್ತಿದ್ದವು. ಹೂಸಾಲಿನ ಪೋಷಣೆಗೆ ಖಜಾನೆಯೇ ಗತಿ.

ಕೆರೆಬಿಳಚಿಗೆ ಹತ್ತಿರದ ಉದಾಹರಣೆ ಭದ್ರಾವತಿ. ಹಿಟ್ಲರನ ಜರ್ಮನಿ ಬಿಟ್ಟು 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದ ಓಟ್ಟೊ ಕೋನಿಗ್ಸ್‌ಬರ್ಗರ್, ಕಬ್ಬಿಣದ ಕಾರ್ಖಾನೆಯ ಈ ಊರಿಗೂ ಹೊಸ ಪಟ್ಟಣದ ಯೋಜನೆ ತಯಾರಿಸಿದ. ಬಿಸಿಲು ಬೀಳುವ ದಿಕ್ಕು, ಗಾಳಿ ಬೀಸುವ ದಿಕ್ಕು ನೋಡಿ ಮನೆ ಕೂರಿಸುವ ಅವನ ಆಲೋಚನೆ ಮುಂದೆ ಉಷ್ಣವಲಯದ ವಸತಿಯ ಕೈಪಿಡಿಯಾಗಿ ಲೋಕಕ್ಕೆಲ್ಲ ಹೋಯಿತು. ಕಾರ್ಖಾನೆಯ ಊರಿನಲ್ಲಿ ಪಾಲನೆಯ ಹೊಣೆ ಕಾರ್ಖಾನೆಯದೇ. ಅದರ ಆದಾಯ ಸೊರಗಿದರೆ ಬೀದಿಯ ಮರವೂ ಅನಾಥ.

ಸ್ವಾತಂತ್ರ್ಯಾನಂತರದ ಕಥೆ ಚುಟುಕಾಗಿದೆ, ಹಿತವಾಗಿಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಹಳ್ಳಿಗಳಲ್ಲಿ ಜನತಾ ಮನೆ, ಆಶ್ರಯ ಮನೆಗಳು ಸೂರಿಲ್ಲದವರಿಗೆ ಸೂರು ಕೊಟ್ಟವು, ಹಿತ್ತಲು ಕೊಡಲಿಲ್ಲ. ಬಚ್ಚಲ ನೀರು ಚರಂಡಿಗೆ, ಚರಂಡಿ ಬೀದಿಗೆ.

ಲೆಕ್ಕ ಹಾಕಿ ನೋಡಬಹುದು. 30×40 ಅಡಿ ನಿವೇಶನದಲ್ಲಿ 80 ಚದರ ಮೀಟರ್ ತಾರಸಿಯಿದ್ದರೆ, 20 ಮಿಲಿಮೀಟರ್ ಸುರಿದ ಒಂದು ಹದ ಮಳೆಗೆ 1,600 ಲೀಟರ್ ನೀರು ಇಳಿಯುತ್ತದೆ. ಅಂಥ ನೂರು ಮನೆಗಳ ಬಡಾವಣೆಯಲ್ಲಿ 1,60,000 ಲೀಟರ್. ಇಂಗುಗುಂಡಿಯಿಲ್ಲದಿದ್ದರೆ ಅದಷ್ಟೂ ಕೊಳೆ ಹೊತ್ತು ತಗ್ಗಿನ ಕಡೆ ಓಡುತ್ತದೆ. ಸೂಳೆಕೆರೆಯ ಜಲಾನಯನದಲ್ಲಿ ತಗ್ಗು ಎಂದರೆ ಕೆರೆಯೇ.

ಪ್ರಾಥಮಿಕ ಆರೋಗ್ಯ ಕೇಂದ್ರದ ಅಂಗಳದ ಲೆಕ್ಕ ಬೇರೆ. ನಮ್ಮಲ್ಲಿ ರೋಗಿ ಒಬ್ಬನೇ ಬರುವುದಿಲ್ಲ. ಬುತ್ತಿ, ಚಾಪೆ, ಮಗು ಸಮೇತ ಬಂದವರು ಕಾಂಪೌಂಡಿನ ಒಳಗೆ ನೆರಳು ಎಲ್ಲಿದೆಯೋ ಅಲ್ಲಿ ಕೂರುತ್ತಾರೆ. ಅವರಿಗೆ ಹುಲ್ಲುಹಾಸು ಬೇಡ, ಹೊಂಗೆಯ ಸುತ್ತ ಒಂದು ಕಟ್ಟೆ ಬೇಕು. ಕೈ ತೊಳೆದ ನೀರು ಅದರ ಬುಡಕ್ಕೇ ಹೋಗಬಹುದು. ವಾರ್ಡು ಮತ್ತು ಪ್ರಯೋಗಾಲಯದ ನೀರನ್ನು ಮಾತ್ರ ಅದಕ್ಕೆ ಬೆರೆಸಕೂಡದು.

ಸಸಿ ನೆಡುವ ಹಣ ಉದ್ಯೋಗ ಖಾತ್ರಿಯಂಥ ಯೋಜನೆಗಳಿಂದ ಪಂಚಾಯಿತಿಗೆ ಬಂದಿದೆ. ಮೂರು ಬೇಸಿಗೆ ಅದಕ್ಕೆ ನೀರುಣಿಸುವವರ ಕೂಲಿಯೇ ತೊಡಕು. ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ, ಅವುಗಳ ಕೈಯಲ್ಲಿ ಸಣ್ಣದಾದರೂ ಸ್ಥಳೀಯವಾಗಿ ಖರ್ಚುಮಾಡಬಲ್ಲ ನಿಧಿಯಿದೆ. ಅದರಲ್ಲೊಂದು ಪಾಲನ್ನು ಅಂಗಳದ ಹೆಸರಿಗೆ ಬರೆದಿಟ್ಟರೆ, ಬಿತ್ತುವಟ್ಟಕ್ಕೆ ಅತಿ ಹತ್ತಿರದ ಇಂದಿನ ರೂಪ ಅದೇ ಆಗುತ್ತದೆ. ಬಡಾವಣೆಗಳಿಗೆ ಅಂಥ ನಿಧಿಯೂ ಇಲ್ಲ. ಉದ್ಯಾನವೆಂದು ಬಿಟ್ಟ ಜಾಗ ನಕ್ಷೆ ಮಂಜೂರಾದ ಮೇಲೆ ಪಂಚಾಯಿತಿಯ ಪಾಲಿಗೆ ಬರುತ್ತದೆ, ಅದರ ಜೊತೆಗೆ ಬರಬೇಕಾದ ಆದಾಯ ಬರುವುದಿಲ್ಲ.