ಟೆಂಟಿನಲ್ಲಿ ಹೆಂಗಸರ ಕಡೆ

ನಮ್ಮ ಕಡೆ ಹಳಬರು ಸಿನಿಮಾಕ್ಕೂ 'ಆಟ' ಎಂದೇ ಅನ್ನುತ್ತಿದ್ದರು. ಬಯಲಾಟವೂ ಆಟ, ಕಂಪನಿ ನಾಟಕವೂ ಆಟ, ಟೂರಿಂಗ್ ಟಾಕೀಸಿನ ಬಿಳಿ ಪರದೆಯ ಮೇಲೆ ಓಡಾಡುವುದೂ ಆಟ. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಪಕ್ಕದ ಮನೆಯವರು ಹಿತ್ತಲ ಗೋಡೆಯ ಮೇಲಿಂದ ಇಣುಕಿ, "ಮೊದಲನೇ ಆಟಕ್ಕ ಹೋಗಾಣೇನ್ರವ್ವ, ಎರಡನೇದಕ್ಕ ಹೋಗಾಣೋ?" ಎಂದು ಕೇಳಿದರೆ ಸಾಕು, ನಮ್ಮವ್ವನ ಕೈ ಚುರುಕಾಗುತ್ತಿತ್ತು. ಹೋಗುವುದೋ ಬೇಡವೋ ಎಂಬ ಪ್ರಶ್ನೆಯೇ ಅಲ್ಲಿ ಇರುತ್ತಿರಲಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಟೆಂಟಿನ ಮೈಕಿನಲ್ಲಿ ಘಂಟಸಾಲರು ತಿರುಪತಿ ತಿಮ್ಮಪ್ಪನನ್ನು ಕರೆಯತೊಡಗುವರು. ಆ ಹಾಡು ಮುಗಿಯುವುದರೊಳಗೆ ಟಿಕೆಟ್ ಕೊಂಡು ಒಳಗಿರಬೇಕು. ಗಡಿಯಾರವಿಲ್ಲದ ಮನೆಗಳಿಗೆ ಅದೇ ಗಡಿಯಾರ.

ನಾನು ಹುಟ್ಟಿ ಬೆಳೆದದ್ದು ಕೊಟ್ಟೂರಿನಲ್ಲಿ. ಆಗ ಅದು ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು. ಟೆಂಟಿನ ನೆಲ ಎಂದರೆ ಮರಳು. ನಡುವೆ ಸೊಂಟದೆತ್ತರದ ಒಂದು ಗೋಡೆ. ಆಚೆ ಗಂಡಸರು, ಈಚೆ ಹೆಂಗಸರು. ಮನೆಯಿಂದ ಚಾಪೆ ಒಯ್ಯುವುದು, ಅದರ ಮೇಲೆ ಹುರಿದ ಶೇಂಗಾದ ಗಂಟು ಬಿಚ್ಚುವುದು, ಮಲಗಿದ ಕೂಸನ್ನು ಪಕ್ಕಕ್ಕೆ ಒರಗಿಸುವುದು. ರೀಲು ಬದಲಿಸುವಾಗ ಕತ್ತಲೆ ಹರಿದು ದೀಪ ಹತ್ತಿದರೆ, ಅಲ್ಲಿಯವರೆಗೆ ನೋಡಿದ ಕತೆಯ ಪಂಚಾಯಿತಿ ನಡೆಯುತ್ತಿತ್ತು. ಆ ಸೊಸೆ ಹಾಗೆ ಮಾಡಬಾರದಿತ್ತು, ಆ ಅತ್ತೆಗೆ ಹಾಗೇ ಆಗಬೇಕು, ಗಂಡನಾದವನಿಗೆ ಕಣ್ಣಿಲ್ಲವೇ. ಇಂದು ಪತ್ರಿಕೆಗಳಲ್ಲಿ ಬರುವ ಎಷ್ಟೋ ವಿಮರ್ಶೆಗಳನ್ನು ಓದುವಾಗ ನನಗೆ ಆ ಐದು ನಿಮಿಷದ ಪಂಚಾಯಿತಿಯೇ ಹೆಚ್ಚು ನ್ಯಾಯವಾಗಿತ್ತು ಅನಿಸುತ್ತದೆ.

ಅವ್ವನ ಕಾಲ ಇನ್ನೂ ಹಿಂದಿನದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದಲ್ಲಿದ್ದವು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' 1934ರಲ್ಲೇ ಬಂದಿದ್ದರೂ ಆಮೇಲೆ ವರ್ಷಕ್ಕೆ ಒಂದೆರಡು ಕನ್ನಡ ಚಿತ್ರ ಬಂದರೆ ದೊಡ್ಡದು. ಹೀಗಾಗಿ ಅವ್ವ ಕಂಡದ್ದೆಲ್ಲ ತೆಲುಗು. 1951ರ 'ಮಲ್ಲೀಶ್ವರಿ'ಯನ್ನು ನೋಡಿದ್ದನ್ನು ಸಾಯುವವರೆಗೂ ಹೇಳುತ್ತಿದ್ದಳು. ಭಾನುಮತಿ ನಾಯಕಿ, ಕತೆ ನಡೆಯುವುದು ಕೃಷ್ಣದೇವರಾಯನ ಕಾಲದಲ್ಲಿ. "ಹಂಪಿ ನಮ್ಮದು, ಮಾತು ಮಾತ್ರ ಅವರದು" ಎಂದು ನಗುತ್ತಿದ್ದಳು. ಶಾಲೆಯಲ್ಲಿ ಮೂರನೆಯ ಇಯತ್ತೆಗೆ ನಿಂತ ಹೆಣ್ಣುಮಗಳು ತೆಲುಗನ್ನು ಟೆಂಟಿನಲ್ಲಿ ಕಲಿತಳು. ಮುಂದೆ 1954ರಲ್ಲಿ 'ಬೇಡರ ಕಣ್ಣಪ್ಪ' ಬಂದು, ರಾಜಕುಮಾರರು ಪರದೆಯ ಮೇಲೆ ಕನ್ನಡ ಮಾತಾಡತೊಡಗಿದಾಗ ನಮ್ಮ ತಾಲ್ಲೂಕುಗಳು ಕನ್ನಡ ರಾಜ್ಯಕ್ಕೆ ಸೇರಿ ಇನ್ನೂ ವರ್ಷವಾಗಿತ್ತು ಅಷ್ಟೆ. ಜಿಲ್ಲೆ, ರಾಜ್ಯಗಳ ಗಡಿ ನಮ್ಮ ಮೇಲೆ ಎಷ್ಟು ಸಲ ಹಾದುಹೋಗಿದೆಯೋ! ಹರಪನಹಳ್ಳಿಯವರಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದು, ಹೊಸ್ತಿಲು ದಾಟದೆ ಮೂರು ಜಿಲ್ಲೆ ನೋಡಿದ ಪುಣ್ಯವಂತರು.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ನನಗೆ ಹತ್ತು ವರ್ಷವಿದ್ದಾಗ ನಮ್ಮ ಟೆಂಟಿಗೆ 'ಗೆಜ್ಜೆ ಪೂಜೆ' ಬಂತು. ಎಂ.ಕೆ. ಇಂದಿರಾ ಅವರ ಕತೆ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ನಾಯಕಿ. ಬೆಂಗಳೂರಿನಲ್ಲಿ 1969ರಲ್ಲಿ ತೆರೆಕಂಡ ಚಿತ್ರ ನಮಗೆ ಬಂದದ್ದು ಎರಡು ವರ್ಷದ ಮೇಲೆ. ಹೊಸಪೇಟೆಯಿಂದ ಬರುವ ಮೀಟರ್‌ಗೇಜ್ ರೈಲಿನಲ್ಲಿ ರೀಲಿನ ಡಬ್ಬಿಗಳು ಇಳಿದವು ಎಂಬ ಸುದ್ದಿ ಮಧ್ಯಾಹ್ನವೇ ಓಣಿಗೆ ಬಂದಿತ್ತು. ಆವತ್ತು ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ವೇಶ್ಯೆಯ ಮನೆಯಲ್ಲಿ ಹುಟ್ಟಿದ ಚಂದ್ರಾ ಎಂಬ ಹುಡುಗಿ ಮರ್ಯಾದೆಯ ಬಾಳನ್ನು ಬಯಸುತ್ತಾಳೆ, ಅವಳಿಗೆ ಅದು ಸಿಗುವುದಿಲ್ಲ. ಇಷ್ಟೇ ಕತೆ. ಟೆಂಟು ತುಂಬ ಬಿಕ್ಕುವ ಸದ್ದು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಜಾಗವಿರಲಿಲ್ಲ ಎಂದೆ. ಆದರೆ ಗೋಡೆಯ ಮೂಲೆಯಲ್ಲಿ ಒಬ್ಬಳ ಸುತ್ತ ಮಾತ್ರ ಒಂದು ಚಾಪೆಯಷ್ಟು ಜಾಗ ಖಾಲಿ ಇತ್ತು. ಅವಳು ಮುತ್ತು ಕಟ್ಟಿಸಿಕೊಂಡವಳು, ಬಸವಿ. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದಳು. ಅವಳ ಹೆಸರು ಬರೆಯಲಾರೆ. ನಮ್ಮ ತಾಲ್ಲೂಕುಗಳಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ಕತೆಯ ಮಾತಾಗಿರಲಿಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಜಾತ್ರೆಯೆಂದರೆ ಎಷ್ಟೋ ಬಡ ದಲಿತ ಮನೆಗಳಲ್ಲಿ ಮಗಳ ಹಣೆಬರಹ ತೀರ್ಮಾನವಾಗುವ ದಿನವಾಗಿತ್ತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಬಂದದ್ದು 1982ರಲ್ಲಿ, ಅಂದರೆ ಆ ರಾತ್ರಿಯಿಂದ ಇನ್ನೂ ಹನ್ನೊಂದು ವರ್ಷ ಆಚೆಗೆ.

ಚಿತ್ರ ಮುಗಿಯುವ ಮುಂಚೆಯೇ ಅವಳು ಎದ್ದಳು. ನಮ್ಮ ಚಾಪೆಯ ಪಕ್ಕ ಹಾದುಹೋಗುವಾಗ ಅವ್ವನ ಕಡೆ ನೋಡಿ, "ಸಿನಿಮಾದಾಕಿಗೆ ಅಳಾಕ ಎಷ್ಟು ಮಂದಿ ಅದೀರಲ್ಲವ್ವ" ಅಂದಳು. ಸಿಟ್ಟಿನಿಂದಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿ ಹೊರಟುಹೋದಳು. ಮನೆಗೆ ಬರುವ ದಾರಿಯಲ್ಲಿ ಅವ್ವ ಒಂದು ಮಾತೂ ಆಡಲಿಲ್ಲ. ಮರುವಾರ ಅವಳು ಕೆಲಸಕ್ಕೆ ಬಂದಾಗ ಅವ್ವ ಅವಳಿಗೆ ರೊಟ್ಟಿ ಕೊಟ್ಟಳು, ಎಂದಿನಂತೆ ಹಿತ್ತಲಿನಲ್ಲೇ ಕೊಟ್ಟಳು. ಅಷ್ಟು ಅತ್ತವಳೂ ಪಡಸಾಲೆಗೆ ಕರೆಯಲಿಲ್ಲ. ಇದನ್ನು ಬರೆಯಲು ನನಗೆ ಐವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಹೆಂಗಸರ ಕಡೆಯನ್ನು ಎಷ್ಟೇ ಹೊಗಳಿದರೂ, ಅಲ್ಲೂ ಒಂದು ಕಣ್ಣಿಗೆ ಕಾಣದ ಗೋಡೆ ಇತ್ತು. ಅದು ಸೊಂಟದೆತ್ತರಕ್ಕಿಂತ ಎತ್ತರವಾಗಿತ್ತು.

ಆಮೇಲಿನ ಸಿನಿಮಾಗಳು ಸರಸರ ಸಾಗುತ್ತವೆ. 'ಶರಪಂಜರ' ಬಂದು ಕಲ್ಪನಾ ಉಡುವ ಸೀರೆಗೆ ಎಲ್ಲರೂ ಮಾರುಹೋದರು. 1972ರ 'ನಾಗರಹಾವು' ನೋಡಿ ಹರಪನಹಳ್ಳಿಯ ನಮ್ಮ ಸೋದರತ್ತೆಗೆ ಒಳಗೊಳಗೇ ಮತ್ಸರ. ದುರ್ಗದವರಿಗೂ ಹರಪನಹಳ್ಳಿ ಪಾಳೆಯಗಾರರಿಗೂ ಹಳೆಯ ಜಗಳವಲ್ಲವೇ! "ಒಬ್ಬ ಓಬವ್ವ ಇದ್ದಳಂತ ಅವರ ಕೋಟೆ ತೋರಿಸ್ಯಾರ, ನಮ್ಮ ಕೋಟೆ ತೋರಿಸೋರು ಯಾರು?" ಎಂದು ಕೇಳುತ್ತಿದ್ದಳು. 1981ರ 'ರಂಗನಾಯಕಿ'ಯನ್ನು ಹಡಗಲಿಯವರು ಹೆಚ್ಚು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಎಂ.ಪಿ. ಪ್ರಕಾಶರು ರಂಗಭಾರತಿ ಕಟ್ಟಿದ ಊರು ಅದು, ನಾಟಕದವರ ಕಷ್ಟ ಗೊತ್ತಿದ್ದ ಊರು. ಬಣ್ಣ ಹಚ್ಚಿದ ಹೆಣ್ಣನ್ನು ಊರು ಹೇಗೆ ನೋಡುತ್ತದೆ ಎಂಬುದನ್ನು ಆರತಿ ಅದರಲ್ಲಿ ಕಣ್ಣಿನಲ್ಲೇ ತೋರಿಸಿದ್ದಾರೆ. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಹಟ ಹಿಡಿದ ಬಳ್ಳಾರಿ ರಾಘವರು 1946ರಲ್ಲೇ ತೀರಿಕೊಂಡಿದ್ದರು. ಅವರು ಇದನ್ನು ನೋಡಬೇಕಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನನ್ನ ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬರುವ ಹೊತ್ತಿಗೆ ದೂರದರ್ಶನ ಬಂದು, ಭಾನುವಾರದ ಸಿನಿಮಾ ಮನೆಯೊಳಗೇ ಕೂತಿತು. ಹೆಂಗಸರು ಟಾಕೀಸಿಗೆ ಹೋಗುವುದು ಅಂದಿನಿಂದಲೇ ಕಡಿಮೆಯಾಯಿತು. ಕೊನೆಯದಾಗಿ ಹೆಂಗಸರು ಗುಂಪುಗುಂಪಾಗಿ ಬಂದದ್ದನ್ನು ನಾನು ಕಂಡದ್ದು 2002ರ 'ತವರಿಗೆ ಬಾ ತಂಗಿ'ಗೆ. ಹಳ್ಳಿಗಳಿಂದ ಟ್ರಾಕ್ಟರಿನಲ್ಲಿ ಬಂದಿದ್ದರು. ಓದಿದವರು ಅದನ್ನು ಹಾಸ್ಯ ಮಾಡಿದರು. ನಾನೂ ಮಾಡಿದೆ. ಈಗ ಹಾಸ್ಯ ಅನಿಸುವುದಿಲ್ಲ. ತವರಿನ ಆಸ್ತಿಯಲ್ಲಿ ಪಾಲು ಕೇಳಲಾರದವರು ಕಡೆಯ ಪಕ್ಷ ಅಣ್ಣನ ಕಣ್ಣೀರಿನಲ್ಲಿ ಪಾಲು ಕೇಳಿದರು.

ಇತ್ತೀಚಿನ ಚಿತ್ರಗಳನ್ನೂ ನಾನು ಬಿಟ್ಟಿಲ್ಲ. ಮೊಣಕಾಲು ನೋವಿದ್ದರೂ ಹೋಗುತ್ತೇನೆ. 2018ರ 'ಕೆಜಿಎಫ್' ನೋಡುವಾಗ ಚಿನ್ನದ ಗಣಿಗಿಂತ ನನಗೆ ನೆನಪಾದದ್ದು ನಮ್ಮ ಸಂಡೂರಿನ ಕೆಂಪು ಧೂಳು, ಸಾಲುಗಟ್ಟಿದ ಅದಿರಿನ ಲಾರಿ. ಅಬ್ಬರ ಬಹಳ, ಕಿವಿ ತೂತಾಗುತ್ತದೆ. ಮಗನಿಗೆ ಬದುಕುವ ಹಟ ಕಲಿಸಿದ ಆ ತಾಯಿ ಬೇಗ ಸಾಯುತ್ತಾಳೆ, ಆಮೇಲೆ ಉಳಿಯುವುದು ಅವಳ ಮಾತು ಮಾತ್ರ. 2022ರ 'ಕಾಂತಾರ'ದ ಕೊನೆಯ ಇಪ್ಪತ್ತು ನಿಮಿಷ ನನ್ನ ಮೈ ಜುಮ್ಮೆಂದಿತು. ಮೈಲಾರದ ಕಾರ್ಣಿಕದಲ್ಲಿ ಗೊರವಯ್ಯ ಬಿಲ್ಲೇರಿ ಬಾಯಿ ತೆರೆಯುವಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುವುದನ್ನು ಕಂಡವರಿಗೆ ಆ ಕೂಗಿನ ಅರ್ಥ ಹೇಳಿಕೊಡಬೇಕಿಲ್ಲ. ಆದರೆ ನಾಯಕ ಆ ಹುಡುಗಿಯ ಸೊಂಟ ಚಿವುಟುವುದನ್ನು ಪ್ರೀತಿಯೆಂದು ತೋರಿಸಿದ್ದು ನನಗೆ ಸೇರಲಿಲ್ಲ. ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳು ಅದಕ್ಕೇ ಪಿನ್ನು ಇಟ್ಟುಕೊಂಡು ಓಡಾಡುವುದು. '777 ಚಾರ್ಲಿ' ನೋಡಿ ನಮ್ಮ ಮನೆಯವರು ಅತ್ತರು. ಅವರು ಅತ್ತದ್ದನ್ನು ನಲವತ್ತು ವರ್ಷದಲ್ಲಿ ಅದೇ ಮೊದಲು ಕಂಡೆ, ನಾಯಿಗೆ ಉಪಕಾರವಾಗಲಿ. 'ಸಪ್ತ ಸಾಗರದಾಚೆ ಎಲ್ಲೋ' ಸುಂದರ ಚಿತ್ರ, ಎರಡು ಭಾಗ ಬೇಕಿರಲಿಲ್ಲ. 2025ರ 'ಸು ಫ್ರಂ ಸೋ' ನೋಡಿ ಹೊಟ್ಟೆ ಹಿಡಿದು ನಕ್ಕೆ. ಅದರಲ್ಲಿಯ ದೆವ್ವದ ಹೆಸರೂ ಸುಲೋಚನಾ! 1934ರ ಸುಲೋಚನೆ ಸತಿಯಾಗಿ ಬಂದಳು, ತೊಂಬತ್ತೊಂದು ವರ್ಷದ ಮೇಲೆ ಬಂದವಳು ಗಂಡಸಿನ ಮೈಮೇಲೆ ಬಂದಳು. ಇದನ್ನು ಪ್ರಗತಿ ಎನ್ನಬೇಕೋ ಏನೋ.

ಇವೆಲ್ಲವನ್ನೂ ಬಿಟ್ಟು ನನ್ನ ಮನಸ್ಸು ನಿಂತಿರುವುದು ಸಣ್ಣ ಚಿತ್ರಗಳ ಮೇಲೆ. 'ಫೋಟೋ' ಎಂಬ ಚಿತ್ರದಲ್ಲಿ ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆಯ ಒಬ್ಬ ಹುಡುಗ, 2020ರ ಲಾಕ್‌ಡೌನಿನಲ್ಲಿ ಅಪ್ಪನ ಜೊತೆ ಬೆಂಗಳೂರಿನಿಂದ ಊರಿನ ಕಡೆ ನಡೆಯುತ್ತಾನೆ. ಮಳೆ ಕೈಕೊಟ್ಟ ವರ್ಷ ಮನೆಗೆ ಮುಳ್ಳು ಬಡಿದು ಗುಳೆ ಹೋಗುವ ಕೂಡ್ಲಿಗಿ, ಹರಪನಹಳ್ಳಿಯ ಜನಕ್ಕೆ ಆ ದಾರಿ ಹೊಸದಲ್ಲ. 2025ರ 'ಹೆಬ್ಬುಲಿ ಕಟ್'ನಲ್ಲಿ ಒಬ್ಬ ಹುಡುಗನಿಗೆ ಸುದೀಪರ ಹಾಗೆ ಕೂದಲು ಕತ್ತರಿಸಿಕೊಳ್ಳುವ ಆಸೆ. ಅಡ್ಡ ಬರುವುದು ಅವನ ಜಾತಿ. ಅದನ್ನು ನೋಡುವಾಗ ನನಗೆ ಟೆಂಟಿನ ಮೂಲೆಯ ಆ ಖಾಲಿ ಜಾಗ ಮತ್ತೆ ಕಣ್ಣಿಗೆ ಕಟ್ಟಿತು.

'ಶಿವಮ್ಮ ಯರೇಹಂಚಿನಾಳ' ನೋಡಿದ್ದು 2024ರ ಜೂನಿನಲ್ಲಿ, ಮಗಳ ಮನೆಗೆ ಬೆಂಗಳೂರಿಗೆ ಹೋದಾಗ. ತುಂಗಭದ್ರೆ ದಾಟಿದರೆ ಕೊಪ್ಪಳ ಜಿಲ್ಲೆ, ಯರೇಹಂಚಿನಾಳ ಅಲ್ಲಿಯ ಹಳ್ಳಿ. ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವ ಶಿವಮ್ಮ, ಮಗಳ ಮದುವೆಗೆಂದು ಇಟ್ಟ ದುಡ್ಡನ್ನು ಶಕ್ತಿಯ ಪುಡಿ ಮಾರುವ ಸರಪಳಿ ವ್ಯಾಪಾರಕ್ಕೆ ಹಾಕುತ್ತಾಳೆ. ಜೈಶಂಕರ್ ಆರ್ಯರ್ ನಿರ್ದೇಶನ. ಶಿವಮ್ಮನಾದವರು ಶರಣಮ್ಮ ಚಟ್ಟಿ. 2022ರಲ್ಲಿ ಕೊರಿಯಾ ದೇಶದ ಬುಸಾನ್ ಚಿತ್ರೋತ್ಸವದಲ್ಲಿ ಇದಕ್ಕೆ ಬಹುಮಾನ ಬಂತು. ನಾನು ನೋಡಿದ ಆಟದಲ್ಲಿ ಹದಿನಾಲ್ಕು ಜನ ಇದ್ದೆವು, ಎಣಿಸಿದೆ. ಶಿವಮ್ಮ ಬಾಯಿ ತೆರೆದರೆ ನನಗೆ ನಮ್ಮ ಓಣಿಯೇ ಮಾತಾಡಿದಂತೆ ಆಗುತ್ತಿತ್ತು. ಪಕ್ಕದ ಹುಡುಗಿ ಅದೇ ಮಾತಿಗೆ ಕೆಳಗೆ ಬರುವ ಇಂಗ್ಲಿಷ್ ಓದಿಕೊಂಡು ನಗುತ್ತಿದ್ದಳು. ಇಲ್ಲಿ ಶಿವಮ್ಮ ಯಾರ ಕಣ್ಣೀರನ್ನೂ ಬೇಡುವುದಿಲ್ಲ. ಅವಳದು ಹಟ, ಲೆಕ್ಕಾಚಾರ, ತಪ್ಪು, ಮತ್ತೆ ಹಟ. ನಮ್ಮ ಕಡೆಯ ಹೆಣ್ಣನ್ನು ಅಳುವವಳಾಗಿ ಅಲ್ಲದೆ ದುಡ್ಡಿನ ಲೆಕ್ಕ ಹಾಕುವವಳಾಗಿ ನಾನು ಪರದೆಯ ಮೇಲೆ ಕಂಡದ್ದು ಅದೇ ಮೊದಲು.

ಆ ಚಿತ್ರ ನಮ್ಮೂರಿನ ಟಾಕೀಸಿಗೆ ಬರಲಿಲ್ಲ. ಬರಲು ಎಷ್ಟು ಟಾಕೀಸು ಉಳಿದಿವೆ ಎನ್ನುವುದೂ ಪ್ರಶ್ನೆಯೇ. ನನಗೆ ಗೊತ್ತಿದ್ದ ಒಂದು ಈಗ ಮದುವೆ ಮಂಟಪ. 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಎಂದು ಸರ್ಕಾರ ಹೊರಡಿಸಿದ ನಿಯಮಕ್ಕೆ ಹೈಕೋರ್ಟು ಅದೇ ತಿಂಗಳು ತಡೆ ಕೊಟ್ಟಿತು. ಅದು ದೊಡ್ಡ ಊರಿನ ಮಾಲ್‌ಗಳ ಜಗಳ. ನಮ್ಮ ಶಿವಮ್ಮಂದಿರಿಗೆ ಇನ್ನೂರಕ್ಕಿಂತ ದೊಡ್ಡ ತಾಪತ್ರಯ, ಮೂರು ತಾಸು ಮನೆಯಿಂದ ಹೊರಗೆ ಕೂರಲು ಒಂದು ಜಾಗ. ಫೋನಿದೆ, ನಿಜ. ಫೋನಿನಲ್ಲಿ ಒಬ್ಬಳೇ ನೋಡಬೇಕು. ರೀಲು ಬದಲಿಸುವ ಹೊತ್ತಿನ ಪಂಚಾಯಿತಿ ಅಲ್ಲಿಲ್ಲ.

ಬೆಂಗಳೂರಿನಿಂದ ಬಂದ ಮೇಲೆ ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಆ ಕತೆಯನ್ನು ಹೇಳಿದೆ. ಸಾಲದ ಕಂತಿನ ಪುಸ್ತಕ ಮುಚ್ಚಿ ಹನ್ನೆರಡು ಜನ ಕೂತು ಕೇಳಿದರು. ಪುಡಿ ಕೊಳ್ಳದವರ ಮನೆಗೆ ಶಿವಮ್ಮ ಮತ್ತೆ ಮತ್ತೆ ಹೋಗುವುದನ್ನು ನಾನು ಅಭಿನಯ ಮಾಡಿ ತೋರಿಸಿದಾಗ ಎಲ್ಲರೂ ನಕ್ಕರು, ಒಬ್ಬಳನ್ನು ಬಿಟ್ಟು. ಅವಳು, "ಅಕ್ಕಾ, ಅಕಿಗೆ ರೊಕ್ಕ ವಾಪಸ್ ಬಂತೇನು?" ಎಂದು ಕೇಳಿದಳು. ಸಿನಿಮಾ ನೋಡಿದರೆ ಗೊತ್ತಾಗುತ್ತದೆ ಅಂದೆ. ಸಭೆ ಮುಗಿದು ಎಲ್ಲರೂ ಹೋದ ಮೇಲೆ ಅವಳು ಬಾಗಿಲಲ್ಲಿ ಚಪ್ಪಲಿ ಹುಡುಕುವ ನೆವದಲ್ಲಿ ನಿಂತಳು.

"ನಮ್ಮನ್ಯಾಗ ಅಟ್ಟದ ಮ್ಯಾಲೆ ಇನ್ನೂ ಹದಿನೆಂಟು ಡಬ್ಬಿ ಅದಾವಕ್ಕಾ. ಆ ಸಿನಿಮಾ ಸಿಕ್ರ ನನಗೊಂದು ಸಲ ತೋರ್ಸು, ನಮ್ಮ ಮನೆಯವರ ಮುಂದ ಮಾತ್ರ ಹಾಕಬ್ಯಾಡ" ಅಂದಳು.

ಒಳಗೆ ಕರೆದು ಚಾಪೆ ಹಾಸಿದೆ.