ಬಳ್ಳಾರಿ ಸೀಮೆಯ ಪಟ್ಟಾ ಮತ್ತು ಪ್ರಜೆಯ ಹಕ್ಕು

ತುಂಗಭದ್ರೆಯು ಸಿರುಗುಪ್ಪದ ಬಳಿ ಕವಲೊಡೆದು ದೇಶನೂರಿನ ನಡುಗಡ್ಡೆಯನ್ನು ಬಳಸಿ ಹರಿಯುತ್ತದೆ. ಕಾಲುವೆಯ ನೀರುಂಡ ಇಲ್ಲಿನ ಗದ್ದೆಗಳಿಗೂ, ಮಳೆಯನ್ನೇ ನಂಬಿದ ನೆರೆಯ ಎರೆಹೊಲಗಳಿಗೂ ಇರುವ ಅಂತರವು ಎದ್ದು ಕಾಣುವಂತಹುದು. ಕಂಪೆನಿಯ ಸರ್ಕಾರವು ಈ ಸೀಮೆಯ ಒಕ್ಕಲಿಗನನ್ನು ಮೊದಲು ಕಂಡುದು ಈ ಹೊಲಗದ್ದೆಗಳ ಕಂದಾಯದ ಮೂಲಕವೇ. ಆದುದರಿಂದ ಅವನ ರಾಜಕೀಯ ಹಕ್ಕುಗಳ ಚರಿತ್ರೆಯನ್ನೂ ಅಲ್ಲಿಂದಲೇ ಆರಂಭಿಸಬೇಕು.

1792 ಮತ್ತು 1799ರಲ್ಲಿ ಮೈಸೂರಿನಿಂದ ತನಗೆ ಬಂದಿದ್ದ ಪ್ರಾಂತಗಳನ್ನು ನಿಜಾಮನು 1800ರಲ್ಲಿ, ತನ್ನ ರಕ್ಷಣೆಗೆ ನಿಲ್ಲಿಸಿದ ಸೈನ್ಯದ ವೆಚ್ಚಕ್ಕಾಗಿ, ಕಂಪೆನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂಬ ಹೆಸರು ಇದರಿಂದಲೇ ಬಂದಿತು. ಕೊಟ್ಟವರೂ ಕೊಂಡವರೂ ಪ್ರಜೆಗಳ ಸಮ್ಮತಿಯನ್ನು ಕೇಳಲಿಲ್ಲ. ಅಮೆರಿಕದ ವರ್ಜೀನಿಯಾದಲ್ಲಾದರೋ 1619ರಷ್ಟು ಹಿಂದೆಯೇ ವಸಾಹತುಗಾರರ ಪ್ರತಿನಿಧಿಸಭೆಯು ಕೂಡಿತ್ತು. ತಮ್ಮ ಪ್ರತಿನಿಧಿಗಳು ಒಪ್ಪದ ತೆರಿಗೆಯನ್ನು ತೆರಲಾರೆವೆಂಬ ವಾದವು ಅಂತಹ ಸಭೆಗಳಲ್ಲಿಯೇ ಬಲಿಯಿತು. ಆದರೆ ಆ ಸಭೆಯಲ್ಲಿ ಮೂಲನಿವಾಸಿಗಳಿಗೆ ಸ್ಥಾನವಿರಲಿಲ್ಲವೆಂಬುದನ್ನು ಮರೆಯಲಾಗದು. ದೇಶನೂರಿನ ಒಕ್ಕಲಿಗನನ್ನು ಹೋಲಿಸಬೇಕಾದುದು ವಸಾಹತುಗಾರನೊಡನೆಯೋ, ಆ ಮೂಲನಿವಾಸಿಯೊಡನೆಯೋ ಎಂಬುದು ವಿಚಾರಾರ್ಹವಾಗಿದೆ.

1800ರಿಂದ 1807ರವರೆಗೆ ದತ್ತಮಂಡಲದ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಭೂಮಿಯನ್ನು ಅಳೆಯಿಸಿ, ರಯಿತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ಒಕ್ಕಲಿಗನ ಹೆಸರು, ಅವನ ಭೂಮಿ, ಅದರ ಕಂದಾಯ ಇವು ಪಟ್ಟಾದಲ್ಲಿ ದಾಖಲಾದುವು. ಸರ್ಕಾರಕ್ಕೂ ಸಾಗುವಳಿದಾರನಿಗೂ ನಡುವೆ ಗುತ್ತಿಗೆದಾರನಿಲ್ಲದೆ ನೇರ ಸಂಬಂಧವೇರ್ಪಟ್ಟುದು ಅಲ್ಪ ಲಾಭವಲ್ಲ. ಆದರೆ ದರವನ್ನು ಗೊತ್ತುಮಾಡುವಲ್ಲಿ ಪಟ್ಟಾದಾರನ ಮಾತಿಗೆ ಎಡೆಯಿರಲಿಲ್ಲ. ದರವು ಹೆಚ್ಚಾಯಿತೆಂದು ಮನ್ರೋನೇ ಬಲ್ಲನು. ಎಲ್ಲ ಭೂಮಿಗೂ ನೂರಕ್ಕೆ 25ರಷ್ಟು ಕಂದಾಯವನ್ನು ಇಳಿಸಬೇಕೆಂದೂ, ವರ್ಷಾಂತ್ಯದಲ್ಲಿ ಭೂಮಿಯನ್ನು ಬಿಡುವ ಸ್ವಾತಂತ್ರ್ಯವು ಒಕ್ಕಲಿಗನಿಗಿರಬೇಕೆಂದೂ 1807ರಲ್ಲಿ ಸೂಚಿಸಿದನು. ಮೇಲಿನವರು ಇದನ್ನು ಒಪ್ಪದೆ ಊರೂರುಗಳನ್ನೇ ಗುತ್ತಿಗೆಗೆ ಕೊಟ್ಟು, ಮೊದಲು ಮೂರು ವರ್ಷ, ಆಮೇಲೆ ಹತ್ತು ವರ್ಷವೆಂದು ಪರೀಕ್ಷಿಸಿ ನಷ್ಟಪಟ್ಟರು. ಮನ್ರೋ ಮದರಾಸಿನ ಗವರ್ನರನಾಗಿ 1820ರಲ್ಲಿ ಮರಳಿದ ಮೇಲೆಯೇ ಇಳಿತವು ಜಾರಿಗೆ ಬಂದಿತು. ಒಬ್ಬ ಅಧಿಕಾರಿಯ ಏಳುಬೀಳಿನೊಡನೆ ಏಳುಬೀಳು ಕಾಣುವ ಸೌಲಭ್ಯವನ್ನು ಹಕ್ಕೆಂದು ಕರೆಯುವುದು ಕಷ್ಟ.

ಇದಕ್ಕಿಂತ ಕಠೋರವಾದ ಸಾಕ್ಷ್ಯವು 1855ರದು. ಕಂದಾಯ ವಸೂಲಿಗಾಗಿ ಮದರಾಸು ಪ್ರಾಂತದಲ್ಲಿ ಚಿತ್ರಹಿಂಸೆ ನಡೆಯುತ್ತಿದ್ದುದನ್ನು ಸರ್ಕಾರವೇ ನೇಮಿಸಿದ ಮಂಡಲಿಯು ಆ ವರ್ಷ ಒಪ್ಪಿಕೊಂಡಿತು. ಪಟ್ಟಾವು ಭೂಮಿಯನ್ನು ಗುರುತಿಸಿತ್ತು, ಮೈಯನ್ನು ಕಾಪಾಡಿರಲಿಲ್ಲ.

1884ರ ಸ್ಥಳೀಯ ಮಂಡಲಿಗಳ ಶಾಸನದಿಂದ ಜಿಲ್ಲಾ, ತಾಲ್ಲೂಕು ಬೋರ್ಡುಗಳು ಬಂದುವು. 1920ರ ಶಾಸನಸಭಾ ಚುನಾವಣೆಯಲ್ಲಿಯೂ ಮತವು ಆಸ್ತಿ, ತೆರಿಗೆಗಳಿಗೆ ಗಂಟುಬಿದ್ದಿತ್ತು. ವರ್ಜೀನಿಯಾ ಕೂಡ 1670ರಲ್ಲಿ ಮತವನ್ನು ಆಸ್ತಿಯುಳ್ಳವರಿಗೇ ಮೀಸಲಿರಿಸಿತ್ತು. ಪಟ್ಟಾವಿಲ್ಲದ ಕೂಲಿಯಾಳಿಗೂ ಮತ ದೊರೆತುದು 1951-52ರ ಚುನಾವಣೆಯಲ್ಲಿ. ಮರುವರ್ಷ ಬಳ್ಳಾರಿ ತಾಲ್ಲೂಕು ಯಾವ ರಾಜ್ಯಕ್ಕೆ ಸೇರಬೇಕೆಂಬುದನ್ನು ನ್ಯಾಯಮೂರ್ತಿ ಎಲ್. ಎಸ್. ಮಿಶ್ರರು ವಿಚಾರಣೆ ಮಾಡಿ ವರದಿಯಿತ್ತರು; 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೆ ಸೇರಿದುವು.