ಆಟದ ಹಣ ಮತ್ತು ಮೂಲೆಯ ಶಾಲೆ

ಶಾಲೆಯೆಂದರೆ ಓದು, ಬರಹ, ಲೆಕ್ಕ; ಆಟವೇನಿದ್ದರೂ ಗಂಟೆ ಹೊಡೆದ ಮೇಲಿನ ಮಾತು ಎಂಬ ಭಾವನೆ ನಮ್ಮಲ್ಲಿ ಬಹಳ ಹಳೆಯದು. ಆದರೆ ಸರ್ಕಾರದ ಕಾಗದಪತ್ರಗಳಲ್ಲಿ ಆಟಕ್ಕೆ ಸ್ಥಾನ ದೊರೆತು ನೂರನಾಲ್ವತ್ತು ವರ್ಷಗಳೇ ಮೀರಿದವು. 1882ರಲ್ಲಿ ಹಂಟರ್ ಸಾಹೇಬರ ಅಧ್ಯಕ್ಷತೆಯಲ್ಲಿ ನೇಮಕವಾದ ಶಿಕ್ಷಣ ಆಯೋಗವು, ಪ್ರಾಥಮಿಕ ಶಾಲೆಯ ಮಕ್ಕಳ ದೇಹ ಬಲಿಯಬೇಕಾದರೆ ದೇಶೀ ಆಟಗಳು, ಅಂಗಸಾಧನೆ, ಡ್ರಿಲ್ ಇವುಗಳಿಗೆ ಪ್ರೋತ್ಸಾಹ ಕೊಡಬೇಕೆಂದು ಶಿಫಾರಸು ಮಾಡಿತು. ಮಾತು ಚೆನ್ನಾಗಿಯೇ ಇತ್ತು. ಹಣದ ದಾರಿ ಮಾತ್ರ ಬೇರೆಯಾಗಿತ್ತು.

ಆ ದಾರಿಯನ್ನು ಹಾಕಿದ್ದು 1854ರ ವುಡ್ಡನ ಶಿಕ್ಷಣ ಪತ್ರ. ಖಾಸಗಿಯವರು ನಡೆಸುವ ಶಾಲೆಗಳಿಗೆ ಬೊಕ್ಕಸದಿಂದ ಸಹಾಯಧನ ಕೊಡುವ ಪದ್ಧತಿ ಅಲ್ಲಿಂದ ಬೆಳೆಯಿತು. ಆದರೆ ಸಹಾಯ ಬೇಕಾದರೆ ಊರಿನಲ್ಲಿ ಶಾಲೆಯ ಹೊಣೆ ಹೊರುವ ಮಂಡಲಿಯಿರಬೇಕು, ಅಲ್ಪಸ್ವಲ್ಪವಾದರೂ ಫೀಜು ವಸೂಲಾಗಬೇಕು, ಇನ್‌ಸ್ಪೆಕ್ಟರರು ಬಂದು ನೋಡಬೇಕು. ಅನುಕೂಲಸ್ಥರ ಊರಿಗೆ ಇದು ಕಷ್ಟವಲ್ಲ. ಘಟ್ಟದ ನಡುವಿನ ಹತ್ತು ಮನೆಯ ಊರಿಗೆ ಇದೇ ದೊಡ್ಡ ಗೋಡೆ. ಮುಂಬಯಿ, ಮದರಾಸು ಪ್ರಾಂತಗಳಲ್ಲಿ ಪರೀಕ್ಷೆಯ ಫಲಿತಾಂಶ ನೋಡಿ ಹಣ ಕೊಡುವ ಕ್ರಮವೂ ಬಳಕೆಗೆ ಬಂತು. ಇಂದಿನ ಉತ್ತರ ಕನ್ನಡ, ಧಾರವಾಡಗಳು ಆಗ ಮುಂಬಯಿಗೂ ದಕ್ಷಿಣ ಕನ್ನಡವು ಮದರಾಸಿಗೂ ಸೇರಿದ್ದವು. ಓದಿದ್ದಕ್ಕೆ ಹಣವುಂಟು, ಓಡಿದ್ದಕ್ಕೆ ಇಲ್ಲ ಎಂದಾದ ಮೇಲೆ ಯಾವ ಮಾಸ್ತರರು ತಾನೇ ಮಕ್ಕಳನ್ನು ಬಯಲಿಗೆ ಕರೆದೊಯ್ದಾರು?

ಇಪ್ಪತ್ತನೆಯ ಶತಮಾನದಲ್ಲಿ ಗಮನ ಶಿಕ್ಷಕರ ಕಡೆಗೆ ಹರಿಯಿತು. 1920ರಲ್ಲಿ ಮದರಾಸಿನ ವೈ.ಎಂ.ಸಿ.ಎ. ಆಶ್ರಯದಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಮಹನೀಯರು ವ್ಯಾಯಾಮ ಶಿಕ್ಷಕರ ಶಾಲೆ ತೆರೆದರು. 1938ರಲ್ಲಿ ಮುಂಬಯಿ ಸರ್ಕಾರ ಕಾಂದಿವಲಿಯಲ್ಲಿ ಇಂಥದೇ ಸಂಸ್ಥೆಯನ್ನು ಕಟ್ಟಿತು. ಸ್ವಾತಂತ್ರ್ಯಾನಂತರ 1957ರಲ್ಲಿ ಗ್ವಾಲಿಯರಿನ ಲಕ್ಷ್ಮೀಬಾಯಿ ಕಾಲೇಜು, 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಹುಟ್ಟಿದವು. ಇವೆಲ್ಲ ಉಪಕಾರದ ಕೆಲಸಗಳೇ. ಆದರೆ ಸೀಟಿ ಹಿಡಿದ ಡ್ರಿಲ್ ಮಾಸ್ತರರು ಮೊದಲು ಕಂಡದ್ದು ಪಟ್ಟಣದ ಹೈಸ್ಕೂಲಿನ ಅಂಗಳದಲ್ಲಿ. ಒಬ್ಬರೇ ಉಪಾಧ್ಯಾಯರು ನಾಲ್ಕು ತರಗತಿ ನಡೆಸುವ ಊರಿಗೆ ಅವರು ಬರುವ ಪ್ರಶ್ನೆಯೇ ಇರಲಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿ, ಆಟವೂ ವ್ಯಾಯಾಮವೂ ಕಲಿಕೆಯ ಅವಿಭಾಜ್ಯ ಅಂಗವೆಂದು ಸಾರಿತು. ಮರುವರ್ಷ ಬಂದ ‘ಕಪ್ಪುಹಲಗೆ ಕಾರ್ಯಾಚರಣೆ’ಯು ಪ್ರಾಥಮಿಕ ಶಾಲೆಗೆ ಎರಡು ಕೋಣೆ, ಇಬ್ಬರು ಶಿಕ್ಷಕರ ಜೊತೆಗೆ ಸಾಮಾನುಗಳ ಒಂದು ಪಟ್ಟಿಯನ್ನೂ ಕೊಟ್ಟಿತು. ಕುಣಿಯುವ ಹಗ್ಗ, ಕಾಲ್ಚೆಂಡು, ವಾಲಿಬಾಲು, ರಬ್ಬರ್ ಚೆಂಡು, ರಿಂಗು, ಗಾಳಿ ತುಂಬುವ ಪಂಪು, ಟಯರು ಕಟ್ಟಿದ ಜೋಕಾಲಿ! ಪಂಪನ್ನೂ ಮರೆಯದೆ ಬರೆದವರ ಅನುಭವವನ್ನು ಮೆಚ್ಚಬೇಕು. ಆದರೆ ಚೆಂಡು ಎಂದಿದ್ದರೂ ಹರಿಯುವ ವಸ್ತು. ದಾಸ್ತಾನು ಪುಸ್ತಕದಲ್ಲಿ ಏರಿದ ಚೆಂಡು ಹರಿದರೆ ಲೆಕ್ಕ ಹೇಳಬೇಕಾದವರು ಮಾಸ್ತರರು. ಹೊಸದು ಬರುವ ಭರವಸೆಯಿಲ್ಲದಲ್ಲಿ ಅದು ಬಯಲಿಗಿಂತ ಬೀರುವಿನಲ್ಲಿರುವುದೇ ಕ್ಷೇಮ. ಆನೆ ಕೊಟ್ಟು ಮೇವು ಮರೆತಂತೆ, ಸಾಮಾನು ಕೊಟ್ಟು ವರ್ಷವರ್ಷದ ಖರ್ಚನ್ನು ಮರೆಯಲಾಯಿತು.

ಅದೇ 1987ರಲ್ಲಿ ನಮ್ಮ ನಾಡಿನಲ್ಲಿ ಒಂದು ಅಪೂರ್ವ ಪ್ರಯೋಗ ಮೊದಲಾಯಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಲ್ಲಿ ನೆಲೆಸಿದ ಸಿದ್ದಿ ಜನರ ಮಕ್ಕಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರವು ಆರಿಸಿ, ವಸತಿನಿಲಯದಲ್ಲಿಟ್ಟು ಓಟ, ನೆಗೆತಗಳಲ್ಲಿ ತರಬೇತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗಳಿಸಿದರು. 1993ರಲ್ಲಿ ಆ ಯೋಜನೆ ನಿಂತಿತು. ಊರು ಬಿಟ್ಟು ಆಟಕ್ಕಾಗಿ ಬಂದಿದ್ದ ಎಳೆಯರ ಮುಂದಿದ್ದ ದಾರಿ ಅರ್ಧದಲ್ಲೇ ಮುಗಿಯಿತು. ಅನುದಾನವೆಂಬುದು ಮಗುವಿನ ವಯಸ್ಸಿನಷ್ಟು ಕಾಲವಾದರೂ ಬಾಳದಿದ್ದರೆ ಅದರಿಂದಾಗುವ ನಷ್ಟ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ.

2008ರ ‘ಪೈಕಾ’ ಯೋಜನೆ ಈ ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತಿತ್ತು. ಪ್ರತಿ ಗ್ರಾಮ ಪಂಚಾಯತಿಗೆ ಆಟದ ಬಯಲಿಗೆಂದು ಒಮ್ಮೆ 1 ಲಕ್ಷ ರೂಪಾಯಿ, ಆಮೇಲೆ ಐದು ವರ್ಷ ಸಾಮಾನಿಗೆ ವರ್ಷಕ್ಕೆ 10,000, ನಿರ್ವಹಣೆಗೆ 12,000. ಆಡಿಸಲು ‘ಕ್ರೀಡಾಶ್ರೀ’ ಎಂಬ ಊರಿನವರೇ ಒಬ್ಬರು. ಬಯಲು, ವಸ್ತು, ಮನುಷ್ಯ ಈ ಮೂರನ್ನೂ ನೆನೆದ ಯೋಜನೆಯಿದು. 2014ರಲ್ಲಿ ಇದರ ಸ್ಥಾನಕ್ಕೆ ಬಂದ ಯೋಜನೆಯ ದೃಷ್ಟಿ ತಾಲ್ಲೂಕು ಮಟ್ಟದ ಕ್ರೀಡಾಸಂಕೀರ್ಣದ ಮೇಲೆ ನೆಟ್ಟಿತು. ಹಣ ಮತ್ತೆ ಹಳ್ಳಿಯಿಂದ ಪೇಟೆಯ ಕಡೆಗೆ ನಾಲ್ಕು ಹೆಜ್ಜೆ ನಡೆಯಿತು.

ಶಾಲೆಯ ಮಟ್ಟಿಗೆ ಹೇಳುವುದಾದರೆ, 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಆಟದ ಸಾಮಾನಿಗೆಂದೇ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿಯವರೆಗೆ ಗೊತ್ತುಮಾಡಲಾಯಿತು. ವರ್ಷವರ್ಷವೂ ಬರುವ ಹಣವೆಂಬುದೇ ದೊಡ್ಡ ಮುನ್ನಡೆ. ಆದರೆ ಆಡಿಸುವವರು ಯಾರು? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆರೆದು ನೋಡಿ. ಆರರಿಂದ ಎಂಟನೆಯ ತರಗತಿಗಳಿಗೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರಿರಬೇಕಾದರೆ ಮಕ್ಕಳ ಸಂಖ್ಯೆ ನೂರನ್ನು ಮೀರಿರಬೇಕು. ಕಾಡಂಚಿನ ಶಾಲೆಯಲ್ಲಿ ನೂರು ಮಕ್ಕಳನ್ನು ಎಲ್ಲಿಂದ ತರೋಣ? 1854ರಲ್ಲಿ ಫೀಜು ಅಡ್ಡ ಬಂದರೆ 2009ರಲ್ಲಿ ತಲೆಯೆಣಿಕೆ ಅಡ್ಡ ಬಂತು. ಗೋಡೆಯ ಹೆಸರು ಬದಲಾಯಿತು. ಆಚೆ ನಿಂತ ಮಗು ಅದೇ.

ಹಾಗೆಂದು ನಿರಾಶರಾಗಬೇಕಾಗಿಲ್ಲ. ಹಂಟರ್ ಆಯೋಗ ಹೇಳಿದ ದೇಶೀ ಆಟಗಳಿಗೆ ಹೆಚ್ಚು ಹಣ ಬೇಡ. ಕೊಕ್ಕೋಗೆ ಎರಡು ಕಂಬ ಸಾಕು. ಕಬಡ್ಡಿಗೆ ಹದವಾದ ನೆಲ ಸಾಕು. ಬೇಕಾದದ್ದು ಆಡಿಸಬಲ್ಲ ಒಬ್ಬ ಮನುಷ್ಯ. ಒಂದೊಂದು ಸಣ್ಣ ಶಾಲೆಗೆ ಒಬ್ಬೊಬ್ಬರನ್ನು ಕೊಡಲಾಗದಿದ್ದರೆ, ನಾಲ್ಕೈದು ಶಾಲೆಗಳಿಗೆ ಸೇರಿ ಒಬ್ಬರನ್ನು ಕೊಟ್ಟು, ವಾರಕ್ಕೊಂದು ದಿನ ಒಂದೊಂದು ಊರಿಗೆ ಹೋಗುವ ಪ್ರಯಾಣದ ಖರ್ಚನ್ನೂ ಅನುದಾನದಲ್ಲೇ ಸೇರಿಸಬಹುದು. ಮಕ್ಕಳ ತಲೆಯೆಣಿಸುವಂತೆಯೇ ಶಾಲೆಗಿರುವ ಮೈಲಿಗಳನ್ನೂ ಎಣಿಸಿ ಹಣ ಹಂಚುವ ದಿನ ಬಂದರೆ, ಮೂಲೆಯ ಶಾಲೆಯ ಚೆಂಡು ಬೀರುವಿನಿಂದ ಹೊರಗೆ ಬಂದೀತು.